ಕುಕ್ಕರ್ ಕೂಗಿದರೂ ಏಳದ ಕೂಸು

ಪಕ್ಕದ ಮನೆಗೆ ಪಾಪು ಬಂದು ಇವತ್ತಿಗೆ ನಲವತ್ತೆರಡು ದಿನ. ಬೆಳಗ್ಗೆ ದಾಸವಾಳ ಕೀಳೋಕೆ ಕಾಂಪೌಂಡ್ ಹತ್ತಿರ ಹೋದರೆ ಆಚೆ ಕಡೆ ತಂತಿ ಮೇಲೆ ಬಟ್ಟೆಚೂರುಗಳು ಸಾಲಾಗಿ ಒಣಗುತ್ತಿರುತ್ತವೆ. ಎಣಿಸಿದರೆ ಸಾಕು, ಹಿಂದಿನ ರಾತ್ರಿ ಹೇಗೆ ಕಳೆಯಿತು ಅಂತ ಗೊತ್ತಾಗಿಬಿಡುತ್ತೆ. ಮೊನ್ನೆ ಹದಿನಾಲ್ಕು ಇದ್ದವು. ಹೊಸದಾಗಿ ಅಜ್ಜಿಯಾದ ಪಕ್ಕದ ಮನೆಯಾಕೆ ಕಣ್ಣು ಉಜ್ಜಿಕೊಳ್ಳುತ್ತಾ ಬಂದು, "ನಮ್ಮನೇಲಿ ದಿನಾ ಶಿವರಾತ್ರಿ ಕಣ್ರೀ" ಅಂದರು. ಹಗಲೆಲ್ಲ ಕುಂಭಕರ್ಣ, ರಾತ್ರಿ ಒಂದು ಗಂಟೆ ಆಯ್ತೋ ಕಣ್ಣು ಪಿಳಿಪಿಳಿ. ಅಳೋದೂ ಇಲ್ಲವಂತೆ, ಸುಮ್ಮನೆ ಫ್ಯಾನ್ ನೋಡ್ತಾ ಮಲಗಿರುತ್ತಂತೆ. ಆದರೆ ಪಕ್ಕದಲ್ಲಿ ಯಾರಾದರೂ ಎದ್ದು ಕೂತಿರಲೇಬೇಕು. ಅವರು ತೂಕಡಿಸಿದರೆ ಅದು ಹೇಗೋ ಪತ್ತೆ ಹಚ್ಚಿಬಿಡುತ್ತೆ.

ಪಾಪ, ಕೂಸಿನದೇನು ತಪ್ಪು ಹೇಳಿ? ಒಂಬತ್ತು ತಿಂಗಳು ಹೊಟ್ಟೆಯೊಳಗೆ ಅದಕ್ಕೆ ಅಭ್ಯಾಸವಾಗಿದ್ದೇ ಹಾಗೆ. ಅಮ್ಮ ಹಗಲು ಓಡಾಡುತ್ತಿದ್ದರೆ ಒಳಗೆ ತೊಟ್ಟಿಲು ತೂಗಿದ ಹಾಗಾಗಿ ನಿದ್ದೆ. ಅವಳು ರಾತ್ರಿ ಮೈಚೆಲ್ಲಿದ ಕೂಡಲೇ ಇದರ ಒದೆತ ಶುರು. ಹೊತ್ತು ಗೊತ್ತು ತಿಳಿಸುವ ಮೆಲಟೋನಿನ್ ಅದರ ಮೈಯಲ್ಲೇ ಲಯ ಹಿಡಿದು ಊರೋಕೆ ಎರಡು ಮೂರು ತಿಂಗಳು ಬೇಕು. ಹೊಟ್ಟೆಯೋ ಇಷ್ಟೇ ಇಷ್ಟು, ಎರಡು ಮೂರು ಗಂಟೆಗೊಮ್ಮೆ ಹಾಲು ಕೇಳುತ್ತೆ. ಎಲ್ಲ ಲೆಕ್ಕ ಹಾಕಿದರೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಕಂತು ಕಂತಾಗಿ ಮಾಡುತ್ತೆ, ಅಷ್ಟೇ. ನಾನು ಹೇಳಿದ್ದು ಎರಡೇ ಮಾತು: ಬೆಳಗಾದ ಮೇಲೆ ಕಿಟಕಿ ತೆಗೆದು ಬೆಳಕಲ್ಲಿ ಇಟ್ಟುಕೊಳ್ಳಿ, ಮಾತಾಡಿಸಿ. ರಾತ್ರಿ ಹಾಲು ಕುಡಿಸುವಾಗ ಮಾತ್ರ ದೊಡ್ಡ ಲೈಟು ಬೇಡ, ಮುದ್ದು ಮಾತು ಬೇಡ. ರಾತ್ರಿ ಸ್ವಾರಸ್ಯ ಇಲ್ಲ ಅಂತ ಅದಕ್ಕೇ ಅರ್ಥವಾಗಬೇಕು, ಅಲ್ವಾ?

ಇನ್ನೊಂದು ವಿಚಿತ್ರ ನೀವೂ ನೋಡಿರ್ತೀರಿ. ಕುಕ್ಕರ್ ಮೂರು ಸಲ ಕೂಗಲಿ, ಮಿಕ್ಸಿಯಲ್ಲಿ ಚಟ್ನಿ ಗರ್ರ್ ಅನ್ನಲಿ, ಕೂಸು ಕದಲೋದಿಲ್ಲ. ನೀವು ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ನಡೆದು ಬಂದು ಒಂದು ಮುಚ್ಚಳ ಇಡೋಕೆ ಹೋಗಿ ಅದು ಟಣ್ ಅಂದರೆ ಮುಗೀತು! ಎರಡೂ ಕೈ ಬಿಚ್ಚಿ, ಆಕಾಶ ಹಿಡಿಯೋ ಹಾಗೆ ಬೆಚ್ಚಿಬಿದ್ದು ರಾಗ ಎಳೆಯುತ್ತೆ. ಒಂದೇ ಸಮನೆ ಬರೋ ಸದ್ದು ಅದಕ್ಕೆ ಹೊಟ್ಟೆಯೊಳಗಿನ ಹಳೇ ಪರಿಚಯ, ತಟಕ್ಕನೆ ಬರೋದಕ್ಕೆ ಬೆಚ್ಚುತ್ತೆ. ನಾಲ್ಕೈದು ತಿಂಗಳಿಗೆ ತಾನಾಗಿ ಹೋಗುವ ಸಹಜ ಗುಣ ಅದು. ಪಕ್ಕದ ಮನೆಯಾಕೆ ಮಾತ್ರ ದಿನಾ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ನಿವಾಳಿಸಲಿ ಬಿಡಿ, ಘಾಟು ಮಾತ್ರ ಮಗುವಿಗೆ ತಟ್ಟದಿರಲಿ.

ನಿದ್ದೆಯಲ್ಲಿ ನಗೋದನ್ನು ನೋಡಿದ್ದೀರಲ್ಲ? ತುಟಿಯ ಒಂದು ಮೂಲೆ ಮಾತ್ರ ಮೇಲೆ ಹೋಗಿ, ಹಾಗೇ ಕರಗಿಹೋಗುತ್ತೆ. ನಮ್ಮತ್ತೆ ಧಾರವಾಡ ಸೀಮೆಯವರು. "ಶೆಟಿಗೆವ್ವ ಆಡಸ್ಲಿಕ್ಕತ್ತಾಳ, ಎಬ್ಬಸಬ್ಯಾಡ" ಅನ್ನೋರು. ಶೆಟಿಗೆವ್ವ ಅಂದರೆ ಕೂಸಿನ ಹಣೆಬರಹ ಬರೆಯೋ ದೇವಿ. ಆಗ ಮನೆಮಂದಿಯೆಲ್ಲ ತೊಟ್ಟಿಲ ಸುತ್ತ ಬಾಯಿಮುಚ್ಚಿ ನಿಲ್ಲುತ್ತಿದ್ದೆವು.

ಆ ತೊಟ್ಟಿಲಿನ ಕಥೆ ಹೇಳಲೇಬೇಕು. ಅದು ಕಲಘಟಗಿ ತೊಟ್ಟಿಲು. ಸಾಗವಾನಿ ಮರ, ಸುತ್ತ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ. ಅತ್ತೆಗೆ ಚೊಚ್ಚಲ ಹೆರಿಗೆಯಾದಾಗ ತವರಿನಿಂದ ಬಂದದ್ದು. ಆಮೇಲೆ ಅದು ಒಂದು ಕಡೆ ನಿಂತಿದ್ದೇ ಇಲ್ಲ. ನಮ್ಮ ಮನೆಯವರು, ಅವರ ತಮ್ಮ, ನಾದಿನಿ, ನಾದಿನಿಯ ಮಕ್ಕಳು, ಬೀದಿಯ ನಾಲ್ಕಾರು ಕೂಸುಗಳು ಎಲ್ಲ ಮಲಗೆದ್ದ ತೊಟ್ಟಿಲು. ಒಯ್ದವರು ಖಾಲಿ ವಾಪಸ್ಸು ಕಳಿಸೋ ಹಾಗಿಲ್ಲ, ಒಳಗೆ ಒಂದು ಸೇರು ಅಕ್ಕಿ, ಒಂದು ಕೊಬ್ಬರಿ ಬಟ್ಟಲು ಇಟ್ಟೇ ಕಳಿಸಬೇಕು ಅಂತ ಅತ್ತೆಯ ಕಟ್ಟಪ್ಪಣೆ. ಬೆಣ್ಣೆ ಕದಿಯೋ ಕೃಷ್ಣನ ಮುಖ ಪೂರಾ ಸವೆದುಹೋಗಿದೆ. ನಿದ್ದೆ ಬಾರದ ಕೂಸುಗಳೆಲ್ಲ ಸರಿಯಾಗಿ ಅದೇ ಜಾಗ ಹಿಡಿದು ಎಳೆಯುತ್ತಿದ್ದವು. ಬೆರಳಾಡಿಸಿದರೆ ಅಲ್ಲಿ ಮಾತ್ರ ಮರ ನುಣ್ಣಗೆ, ಬೆಣ್ಣೆಯ ಹಾಗೇ! ಉಡುಗೊರೆ ಅಂದರೆ ನನಗೆ ಈಗಲೂ ಮೊದಲು ನೆನಪಾಗೋದು ಆ ಸವೆದ ಮುಖವೇ.

ಎಲ್ಲಿದ್ದೆ? ಹಾಂ, ನಿದ್ದೆ. ನಾಮಕರಣದ ದಿನ ಒಬ್ಬರು ಸಾಸಿವೆ ದಿಂಬು ತಂದಿದ್ದರು, ತಲೆ ಗುಂಡಗೆ ಬರಲಿ ಅಂತ. ನಾನೂ ಹೊಲಿದುಕೊಟ್ಟಿದ್ದುಂಟು. ಆದರೆ ಈಗ ಡಾಕ್ಟರುಗಳು ವರ್ಷ ತುಂಬೋವರೆಗೆ ದಿಂಬೇ ಬೇಡ ಅಂತಾರೆ, ಅವರ ಮಾತು ಕೇಳಬೇಕಾದ್ದೇ. ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಾಗಿ ಸಮನಾಗಿರಲಿ, ಮೂಗಿನ ಹತ್ತಿರ ಮೆತ್ತನೆಯದೇನೂ ಬೇಡ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ಮನೆಮನೆಗೂ ಪ್ರಚಾರ ಮಾಡಿದರು. ನಿದ್ದೆಯಲ್ಲೇ ಹಠಾತ್ತನೆ ತೀರಿಹೋಗುತ್ತಿದ್ದ ಕೂಸುಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬರೀ ಮಗ್ಗುಲು ಬದಲಿಸಿದ್ದಕ್ಕೆ ಅಷ್ಟು ಜೀವ ಉಳಿದವು ಅಂದರೆ ಮೈ ಜುಂ ಅನ್ನುತ್ತೆ. ತಲೆ ಗುಂಡಗಾಗೋಕೆ ಎಚ್ಚರ ಇದ್ದಾಗ, ಯಾರಾದರೂ ಎದುರಿಗೆ ಕೂತು, ಒಂದಿಷ್ಟು ಹೊತ್ತು ಬೋರಲು ಮಲಗಿಸಿದರಾಯ್ತು. ಕತ್ತಿಗೂ ಬಲ ಬರುತ್ತೆ.

ನಾಮಕರಣಕ್ಕೆ ಬಂದ ಉಳಿದ ಉಡುಗೊರೆಗಳನ್ನು ಮಾರನೇ ದಿನ ಪಕ್ಕದ ಮನೆಯಾಕೆ, ನಾನು ಇಬ್ಬರೂ ಕೂತು ಬಿಚ್ಚಿದೆವು. ಮೂರು ತಿಂಗಳ ಅಳತೆಯ ಅಂಗಿಗಳೇ ಹತ್ತೊಂಬತ್ತು! ಎಲ್ಲರೂ ಒಂದೇ ಅಳತೆ ತಂದರೆ ಆರನೇ ತಿಂಗಳಿಗೆ ಹಾಕೋದೇನು? ಬಲೆಬಲೆಯ ಫ್ರಾಕು ಒಂದಿತ್ತು, ಮುಟ್ಟಿದರೆ ನನ್ನ ಅಂಗೈಯೇ ಚುರುಚುರು ಅಂತು. ಆಳೆತ್ತರದ ಕರಡಿಬೊಂಬೆಯನ್ನು ತೊಟ್ಟಿಲಿಂದ ದೂರ, ಸೋಫಾ ಮೇಲೆ ಕೂರಿಸಿದ್ದಾರೆ. ಬಂದವರೆಲ್ಲ ಅದರ ಪಕ್ಕ ಜಾಗ ಮಾಡಿಕೊಂಡು ಕೂರಬೇಕು. ಗಾಲಿ ಇರೋ ವಾಕರ್ ಒಂದು ಬಂದಿದೆ, ಅದನ್ನು ಬಳಸಲೇಬೇಡಿ ಅಂತ ಒತ್ತಿ ಹೇಳಿದ್ದೇನೆ. ಮಗು ಕಣ್ಣುಮುಚ್ಚಿ ತೆಗೆಯೋದರೊಳಗೆ ಮೆಟ್ಟಿಲ ತುದಿಗೆ ಹೋಗಿರುತ್ತೆ. ಕೆನಡಾದವರು 2004ರಲ್ಲೇ ಮಾರಾಟ ನಿಲ್ಲಿಸಿಬಿಟ್ಟರು.

ನನ್ನ ಕಣ್ಣಿಗೆ ಬಿದ್ದದ್ದು ಬೆಳ್ಳಿಯ ಒಳಲೆ. ಅಂಗೈಯಗಲದ್ದು, ಮೂತಿ ಉದ್ದಕ್ಕೆ. ಬಾಟಲಿಯ ಸಂದುಗೊಂದಿನಲ್ಲಿ ಹಾಲಿನ ಜಿಡ್ಡು ಉಳಿಯುತ್ತೆ, ಒಳಲೆಯನ್ನು ಕುದಿಸಿ ಒರೆಸಿಟ್ಟರೆ ಆಯ್ತು. ಹೀರೋಕೆ ಶಕ್ತಿ ಸಾಲದ ತೂಕ ಕಮ್ಮಿಯ ಕೂಸುಗಳಿಗೆ ಆಸ್ಪತ್ರೆಗಳಲ್ಲೂ ತಾಯಿಹಾಲು ಹಿಂಡಿ ಒಳಲೆಯಲ್ಲೇ ಕುಡಿಸುತ್ತಾರೆ. ಆದರೆ ನಿಧಾನಕ್ಕೆ ಕುಡಿಸಬೇಕು. ಮೂತಿಯನ್ನು ತುಟಿಗೆ ತಾಗಿಸಿ ಹಿಡಿದರೆ ಮಗುವೇ ಗುಟುಕರಿಸುತ್ತೆ, ಬಾಯಿಗೆ ಸುರಿಯಬಾರದು.

ಮೊದಲ ಹುಟ್ಟುಹಬ್ಬಕ್ಕೆ ಏನು ತರ್ತೀರಿ ಅಂತ ಆಕೆ ಈಗಲೇ ಕೇಳ್ತಾರೆ! ಚನ್ನಪಟ್ಟಣದ ಗಾಡಿ ತರ್ತೀನಿ ಅಂದೆ. ಆಲೆ ಮರ, ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಆ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತೆ, ಮೇಲೆ ಕೇದಗೆ ಗರಿಯ ಹೊಳಪು. ಮೊದಲೆಲ್ಲ ಬೆಂಗಳೂರಿಗೆ ಹೋಗುವಾಗ ಬಸ್ ಕಿಟಕಿಯಿಂದಲೇ ಆ ಕುದುರೆಗಳ ಸಾಲು ಕಾಣುತ್ತಿತ್ತು, ಅಲ್ವಾ? 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ರಸ್ತೆ ಊರ ಹೊರಗಿಂದಲೇ ಹೋಗಿಬಿಡುತ್ತೆ. ಈಗ ಬೇಕು ಅಂತಲೇ ಒಳಗೆ ಇಳಿದು ಹೋಗಬೇಕು, ನಾನು ಹೋಗ್ತೀನಿ. ಕಳಚಿ ಬಾಯಿಗೆ ಹೋಗೋ ಗುಂಡು, ಬಿಲ್ಲೆಯಂಥ ಬ್ಯಾಟರಿ ಇಲ್ಲದ್ದು, ಐಎಸ್‌ಐ ಗುರುತು ಇರೋದು ನೋಡಿ ತಗೋತೀನಿ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸ ಬಿಟ್ಟರೆ ಉಳಿದ ಆಟಿಕೆಗೆ ಆ ಗುರುತು 2021ರ ಜನವರಿಯಿಂದ ಕಡ್ಡಾಯ.

ಆದರೆ ಬಾಣಂತಿಗೆ ಇವತ್ತು ಬೇಕಿರೋದು ನಿದ್ದೆ. ನೋಡೋಕೆ ಬರೋರು ಸರಿಯಾಗಿ ಅವಳ ಕಣ್ಣು ಹತ್ತಿದಾಗಲೇ ಬರ್ತಾರೆ, ಎಬ್ಬಿಸಿ, "ಯಾಕಮ್ಮ ಇಷ್ಟು ಸೊರಗಿದ್ದೀಯ?" ಅಂತಾರೆ. ಎದುರುಮನೆಯವರು ಮಾತ್ರ ಬಿಸಿ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ತಂದು, ಡಬ್ಬಿ ಗೋಡೆ ಮೇಲಿಟ್ಟು, ಒಳಗೆ ಇಣುಕದೆ ಹೋದರು. ಎಂಥ ದೊಡ್ಡ ಮನಸ್ಸು! ನಾನೀಗ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು ಪಾಪುವನ್ನು ಎತ್ತಿಕೊಂಡು ಬರ್ತೀನಿ. ತಾಯಿ, ಅಜ್ಜಿ ಇಬ್ಬರೂ ಒರಗುತ್ತಾರೆ.

ನಿನ್ನೆ ನನ್ನ ತೋಳಲ್ಲಿ ಅದು ಇನ್ನೇನು ಕಣ್ಣು ಮುಚ್ಚಿತು, ಬೀದಿ ತುದಿಯಲ್ಲಿ ಹಳೇ ಪೇಪರಿನವನ ಮೈಕು "ಹಳೇ ಪೇಪರ್, ಹಳೇ ಕಬ್ಬಿಣ" ಅಂತ ಶುರುವಾಯ್ತು. ಗೇಟಿನ ಹತ್ತಿರ ಓಡಿ, ತುಟಿ ಮೇಲೆ ಬೆರಳಿಟ್ಟೆ. ಅವನು ಗಾಡಿ ನಿಲ್ಲಿಸಿ, ಮೈಕು ಆರಿಸಿ, ಕತ್ತು ಉದ್ದ ಮಾಡಿ ನೋಡಿದ. ಮೀಸೆ ತಿರುವಿ ತೋರಿಸಿ ಗಂಡಾ ಅಂತ ಸನ್ನೆಯಲ್ಲೇ ಕೇಳಿದ. ನಾನು ತಲೆಯಾಡಿಸಿ ನನ್ನ ಜಡೆ ಎತ್ತಿ ತೋರಿಸಿದೆ. ನಕ್ಕ, ಗಾಡಿಯನ್ನು ಬೀದಿ ಕೊನೆವರೆಗೂ ಸದ್ದಿಲ್ಲದೆ ತಳ್ಳಿಕೊಂಡೇ ಹೋದ.