ಡಿಕ್ಕಿ ಮೀಮಾಂಸೆ

ಕಾರಿನ ವೂಫರ್‌ಗೆ ಪೆಟ್ಟಿಗೆ ಏಕೆ ಬೇಕು, ಬರಿಯ ವೂಫರನ್ನೇ ಡಿಕ್ಕಿಯಲ್ಲಿ ಮಲಗಿಸಿ ವೈರು ಕೊಟ್ಟರೆ ಸಾಲದೆ ಎಂಬುದು ಪೂರ್ವಪಕ್ಷ. ಸಾಲದು. ಕೋನ್ ಮುಂದಕ್ಕೆ ತಳ್ಳಿದ ಗಾಳಿಯನ್ನು ಅದರ ಬೆನ್ನೇ ಹಿಂದಕ್ಕೆಳೆದುಕೊಳ್ಳುತ್ತದೆ. ಎರಡೂ ಅಲೆ ಹೊಡೆದಾಡಿ ಸತ್ತು, ಬೇಸ್ ಕಾಲ್ಕೀಳುತ್ತದೆ. ಆದಕಾರಣ ನಡುವೆ ಗೋಡೆ ಬೇಕೆಂಬುದು ಸರ್ವಸಮ್ಮತ.

ಎಂಥ ಗೋಡೆ ಎಂಬಲ್ಲಿ ಮತಭೇದ. ಮುಚ್ಚುಪೆಟ್ಟಿಗೆ ಪಂಥದವರು 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತೋರಿದ ದಾರಿ ಹಿಡಿದವರು: ಸಂದಿಗೊಂದಿಗೆಲ್ಲ ಸಿಲಿಕೋನ್ ಮೆತ್ತು, ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗು. 12 ಇಂಚಿನ ವೂಫರ್‌ಗೆ ಸುಮಾರು 28 ಲೀಟರ್ ಸಾಕು. ತೂತುಪೆಟ್ಟಿಗೆ ಪಂಥಕ್ಕೆ ಇದು ಶುದ್ಧ ಜಿಪುಣತನ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಗುಂಯ್ ಎನ್ನಿಸುವ ಹೆಲ್ಮ್‌ಹೋಲ್ಟ್ಸ್ ತತ್ವವನ್ನು ನೆಚ್ಚಿ, ಅವರು ಪೋರ್ಟ್ ಕೊರೆದು 35 ಹರ್ಟ್ಸ್‌ಗೆ ಶ್ರುತಿ ಮಾಡುತ್ತಾರೆ. ಪೆಟ್ಟಿಗೆ 50 ಲೀಟರ್ ದಾಟುತ್ತದೆ. ಶ್ರುತಿಯ ಕೆಳಗೆ ಕೋನ್‌ಗೆ ಲಗಾಮಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಅವರು ವಾಲ್ಯೂಮ್ ಏರಿಸುತ್ತಾರೆ, ಆಕ್ಷೇಪ ಕೇಳಿಸುವುದಿಲ್ಲ.

ನೆವಿಲ್ ಥೀಲೆ, ರಿಚರ್ಡ್ ಸ್ಮಾಲ್ ಎಂಬಿಬ್ಬರು ಆಸ್ಟ್ರೇಲಿಯದಲ್ಲಿ ಕೂತು ಪ್ರತಿ ವೂಫರ್‌ನ ಜಾತಕ ಬರೆಯುವ ಕ್ರಮ ಹಾಕಿಕೊಟ್ಟರು. ಅದನ್ನು ನೋಡಿಯೇ ಲೀಟರ್ ಗುಣಿಸಬೇಕು. ಮ್ಯಾಗ್ನೆಟ್ಟು, ಪೋರ್ಟು, ಒಳಪಟ್ಟಿಗಳು ನುಂಗುವ ಜಾಗವನ್ನೂ ಸೇರಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಸ್ಟೀರಿಯೊ ಅಂಗಡಿಗೆ ಬರುವಷ್ಟರಲ್ಲಿ ಈ ಗಣಿತವೆಲ್ಲ ಕರಗಿ ಒಂದೇ ಸೂತ್ರ ಉಳಿಯುತ್ತದೆ: “ಡಿಕ್ಕಿ ತೆಗೀರಿ ಸಾರ್, ನೋಡೋಣ.” ಟೇಪು ಎಳೆದು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು, 18 ಎಂಎಂ ಎಂಡಿಎಫ್ ಮೇಲೆ ಗೀಟೆಳೆದರೆ ಶಾಸ್ತ್ರ ಮುಗಿಯಿತು.

ಆದರೆ ಎರಡೂ ಪಂಥಗಳು ಕುಟುಂಬಪಕ್ಷವನ್ನು ಕಡೆಗಣಿಸಿವೆ. ಆಲ್ಟೊ 800ರ ಡಿಕ್ಕಿ 177 ಲೀಟರ್. ತೂತುಪೆಟ್ಟಿಗೆ, ಹಲಗೆಯ ದಪ್ಪವೂ ಸೇರಿ, ಅದರಲ್ಲಿ ಮೂರನೇ ಒಂದು ಪಾಲನ್ನು ಮೀರಿ ಕಬಳಿಸುತ್ತದೆ. “ಊರಿಂದ ತಂದ ಕಾಯಿ ಚೀಲ ಎಲ್ಲಿಡಲೋ, ನಿನ್ನ ತಲೆ ಮೇಲಾ?” ಎಂಬ ತೀರ್ಥರೂಪರ ಪ್ರಶ್ನೆಗೆ ಥೀಲೆ-ಸ್ಮಾಲ್ ಸಮೀಕರಣಗಳಲ್ಲಿ ಉತ್ತರವಿಲ್ಲ.

ಇನ್ನು, ಪೆಟ್ಟಿಗೆ ಚೆನ್ನಾಗಿದೆ ಎನ್ನಲು ಪ್ರಮಾಣವೇನು? ಒಳಗೆ ಕೂತವರ ಕಿವಿ ಎಂಬುದು ಹಳಬರ ಅಜ್ಞಾನ. ನವ್ಯರು ಹಿಂದಿನ ನಂಬರ್ ಪ್ಲೇಟನ್ನು ನಂಬುತ್ತಾರೆ. ಅದು ಗಡಗಡ ಎನ್ನದಿದ್ದರೆ ದುಡ್ಡು ದಂಡ. ಕಾನೂನೂ ಇವರ ಕಡೆಗೇ ವಾಲಿದಂತಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್ ಮಿತಿ. ಅಳೆಯುವುದು ‘ಎ’ ಮಾಪಕದಲ್ಲಿ. ಆ ಮಾಪಕ 50 ಹರ್ಟ್ಸ್‌ನ ಗುಡುಗಿಗೆ ಸುಮಾರು 30 ಡೆಸಿಬಲ್ ರಿಯಾಯಿತಿ ಕೊಟ್ಟೇ ಲೆಕ್ಕ ಹಿಡಿಯುತ್ತದೆ. ಎದುರು ಮನೆಯ ಕಿಟಕಿ ಗಾಜು ಮಾತ್ರ ಪೂರ್ತಿ ಲೆಕ್ಕವನ್ನೇ ಹಿಡಿಯುತ್ತದೆ.