ಕಾಣದ ಪೆಟ್ಟಿಗೆಯ ಗುಣಗಾನ

ತನ್ನದಲ್ಲದ ಸರಕನ್ನು, ತನ್ನದಲ್ಲದ ಅಂಗಡಿಯಲ್ಲಿ, ಮುಖಪರಿಚಯವಿಲ್ಲದವರಿಂದ ಕೊಳ್ಳಿಸಿ, ಕಮಿಷನ್ನನ್ನು ಮಾತ್ರ ತನ್ನದಾಗಿಸಿಕೊಳ್ಳುವ ಉದ್ಯೋಗಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು. ಇದಕ್ಕೆ ಗೋದಾಮು ಬೇಡ, ತಕ್ಕಡಿ ಬೇಡ, ಗಲ್ಲಾಪೆಟ್ಟಿಗೆಯೂ ಬೇಡ. ಒಂದು ಲಿಂಕು ಇರಬೇಕು, ಆ ಲಿಂಕನ್ನು ಒತ್ತುವಷ್ಟು ಓದುಗನ ಬೆರಳಿಗೆ ತುರಿಕೆ ಹುಟ್ಟಿಸುವ ಬರಹವಿರಬೇಕು. ನಮ್ಮ ಕಡೆ ಈ ಕಸುಬನ್ನು ಮದುವೆ ದಲ್ಲಾಳಿಗಳು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಹುಡುಗ ಅವರ ಮಗನಲ್ಲ, ಹುಡುಗಿ ಅವರ ಮಗಳಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬಹುದೆಂಬ ಪರವಾನಗಿಯೂ ಗಾದೆಯ ರೂಪದಲ್ಲಿ ಮಂಜೂರಾಗಿತ್ತು. ಆದರೆ ದಲ್ಲಾಳಿ ಹೆಣ್ಣಿನ ಮನೆಗೆ ಒಮ್ಮೆಯಾದರೂ ಹೋಗಿ, ಜಗಲಿಯ ಮೇಲೆ ಕೂತು, ಉಪ್ಪಿಟ್ಟು ತಿಂದು ಬಂದಿರುತ್ತಿದ್ದ. ಅಫಿಲಿಯೇಟ್ ಬರಹಗಾರ ಸಾಮಾನ್ಯವಾಗಿ ಪೆಟ್ಟಿಗೆಯನ್ನೂ ಕಂಡಿರುವುದಿಲ್ಲ.

ಇಂಟರ್ನೆಟ್ಟಿನ ಬಾಲ್ಯದಲ್ಲೇ ಈ ಏರ್ಪಾಡು ಶುರುವಾಯಿತು. ಅಮೆರಿಕದಲ್ಲಿ ಸಂಗೀತದ ಸಿಡಿ ಮಾರುತ್ತಿದ್ದ ಸಿಡಿನೌ ಕಂಪನಿ 1994ರಲ್ಲೇ ಗಿರಾಕಿ ಕಳಿಸಿಕೊಟ್ಟವರಿಗೆ ಪಾಲು ಕೊಡತೊಡಗಿತು. 1996ರ ಜುಲೈಯಲ್ಲಿ, ಆಗಿನ್ನೂ ಪುಸ್ತಕದಂಗಡಿಯಾಗಿದ್ದ ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆ ತೆರೆಯಿತು. ಯಾರು ಯಾರನ್ನು ಕಳಿಸಿದರೆಂಬ ಲೆಕ್ಕ ಹಿಡಿಯುವುದು ಕುಕಿ ಎಂಬ ಪುಟ್ಟ ಗುರುತು. ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ 1994ರಲ್ಲಿ ಅದನ್ನು ರೂಪಿಸಿದ. ಅಮೆಜಾನಿನ ಲೆಕ್ಕದಲ್ಲಿ ಅದರ ಆಯುಸ್ಸು ಸಾಮಾನ್ಯವಾಗಿ 24 ಗಂಟೆ. ಅಷ್ಟರೊಳಗೆ ಬರಹ ಹೊಗಳಿದ ವಸ್ತುವನ್ನೇ ಗಿರಾಕಿ ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಬೇರೇನು ಕೊಂಡರೂ ಬಹುಮಟ್ಟಿಗೆ ಪಾಲು ಉಂಟು. ಎಣ್ಣೆಯ ಅಪಾಯ, ಹೃದಯದ ಆರೋಗ್ಯ, ಏರ್ ಫ್ರೈಯರಿನ ಮಹಿಮೆ ಎಂದು ಅಧ್ಯಾಯಗಟ್ಟಲೆ ಬರೆದವನ ಖಾತೆಗೆ ಕೊನೆಯಲ್ಲಿ ಸೊಳ್ಳೆ ಬ್ಯಾಟಿನ ಕಮಿಷನ್ ಬಂದು ಬೀಳುವುದು ಹೀಗೆ. ಸಾಹಿತ್ಯದ ಬೇರಾವ ಪ್ರಕಾರದಲ್ಲೂ ಓದುಗನ ಪ್ರತಿಕ್ರಿಯೆ ಇಷ್ಟು ಖಚಿತವಾಗಿ ಮತ್ತು ಇಷ್ಟು ಅಸಂಬದ್ಧವಾಗಿ ಬಂದು ಮುಟ್ಟುವುದಿಲ್ಲ.

ಬರಹದ ಮೊದಲ ಅಂಗ ತಲೆಬರಹ. ಇದರ ಆದಿಪುರುಷರಲ್ಲಿ ಒಬ್ಬ ಜಾನ್ ಕೇಪಲ್ಸ್. ಅಂಚೆಯ ಮೂಲಕ ಸಂಗೀತ ಕಲಿಸುವ ಶಾಲೆಯೊಂದಕ್ಕೆ ಅವನು 1926ರಲ್ಲಿ ಜಾಹೀರಾತು ಬರೆದ. ಪಿಯಾನೊ ಮುಂದೆ ಕೂತವನನ್ನು ಕಂಡು ಗೆಳೆಯರೆಲ್ಲ ನಗುತ್ತಾರೆ, ಅವನು ನುಡಿಸತೊಡಗಿದಾಗ ದಂಗಾಗುತ್ತಾರೆ. ಇಷ್ಟೇ ಅದರ ತಿರುಳು. ಕಲಿಯುವ ಆಸೆಗಿಂತ ನಕ್ಕವರ ಬಾಯಿ ಮುಚ್ಚಿಸುವ ಆಸೆ ದೊಡ್ಡದೆಂದು ಕೇಪಲ್ಸ್ ಬಲ್ಲ. ಸುಮಾರು ನೂರು ವರ್ಷವಾದರೂ ಆ ಗೆಳೆಯರು ನಗುವುದನ್ನು ನಿಲ್ಲಿಸಿಲ್ಲ. ಷೇರು ಪೇಟೆಯ ಕೋರ್ಸ್ ಸೇರಿದವನನ್ನು ಕಂಡು ನಗುತ್ತಾರೆ, ಕೀಟೊ ಪುಡಿ ಕುಡಿದವಳನ್ನು ಕಂಡು ನಗುತ್ತಾರೆ, ಮೂರು ತಿಂಗಳ ನಂತರ ತಪ್ಪದೆ ದಂಗಾಗುತ್ತಾರೆ. ಇಂಥ ಗೆಳೆಯರ ಸಹವಾಸವನ್ನು ಯಾರೂ ಬಿಡುವುದಿಲ್ಲವೇಕೆಂಬುದು ಜಾಹೀರಾತು ಶಾಸ್ತ್ರ ಇನ್ನೂ ಕೈಹಾಕದ ಪ್ರಶ್ನೆ.

ತಲೆಬರಹ ದಾಟಿದವನನ್ನು ಕೆಳಗಿಳಿಸುವುದು ಎರಡನೆಯ ಕೆಲಸ. ಬ್ಲೂಬ್ಲಾಕರ್ ಕಪ್ಪು ಕನ್ನಡಕ ಮಾರಿ ಹೆಸರಾದ ಜೋ ಶುಗರ್‌ಮನ್‌ನ ಪ್ರಕಾರ ಮೊದಲ ವಾಕ್ಯಕ್ಕಿರುವ ಏಕೈಕ ಕರ್ತವ್ಯ ಎರಡನೆಯ ವಾಕ್ಯವನ್ನು ಓದಿಸುವುದು. ಎರಡನೆಯದರ ಕರ್ತವ್ಯ ಮೂರನೆಯದನ್ನು. ವಾಕ್ಯಗಳು ಗಿಡ್ಡವಾಗುವುದೂ, ಒಂದೊಂದು ಪದಕ್ಕೆ ಒಂದೊಂದು ಸಾಲು ದಕ್ಕುವುದೂ, ‘ಆದರೆ ನಿಲ್ಲಿ’ ಎಂದು ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿಯುವುದೂ ಇದರ ಫಲ. ಇನ್ನು ಕಥೆ. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಚಂದಾದಾರರನ್ನು ಹಿಡಿಯಲು ಮಾರ್ಟಿನ್ ಕಾನ್‌ರಾಯ್ ಬರೆದ ಕಾಗದವೊಂದು 1970ರ ದಶಕದಿಂದ ಕಾಲು ಶತಮಾನಕ್ಕೂ ಮಿಕ್ಕಿ ಅಂಚೆಯಲ್ಲಿ ಓಡಾಡಿತು. ಒಂದೇ ಕಾಲೇಜಿನಲ್ಲಿ ಓದಿದ ಇಬ್ಬರು ತರುಣರು. ಇಪ್ಪತ್ತೈದು ವರ್ಷದ ಮೇಲೆ ನೋಡಿದರೆ ಒಬ್ಬ ಸಣ್ಣ ವಿಭಾಗದ ಮ್ಯಾನೇಜರ್, ಇನ್ನೊಬ್ಬ ಅದೇ ಕಂಪನಿಯ ಅಧ್ಯಕ್ಷ. ಪತ್ರಿಕೆ ಓದಿದ್ದರಿಂದಲೇ ಅಧ್ಯಕ್ಷನಾದ ಎಂದು ಕಾಗದ ಎಲ್ಲೂ ಹೇಳುವುದಿಲ್ಲ. ಓದುಗನೇ ಹಾಗೆ ಅಂದುಕೊಳ್ಳುವಷ್ಟು ಹತ್ತಿರಕ್ಕೆ ಒಯ್ದು ಸುಮ್ಮನಾಗುತ್ತದೆ. ಈ ಜೋಡಿಯೂ ಕನ್ನಡಕ್ಕೆ ವಲಸೆ ಬಂದಿದೆ. ಹಾಸನದ ಒಂದೇ ಪಿಯು ಕಾಲೇಜಿನ ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಇನ್ನೂ ಇಎಂಐ ತೀರಿಲ್ಲ, ಇನ್ನೊಬ್ಬ ಕೆಳಗಿನ ಲಿಂಕು ಒತ್ತಿದ.

ಇಲ್ಲಿಯವರೆಗಿನದೆಲ್ಲ ಒಳ್ಳೆಯ ಶಿಷ್ಯ ಒಂದು ವಾರದಲ್ಲಿ ಕಲಿಯಬಹುದಾದ ವಿದ್ಯೆ. ಗುರುಗಳು ಬಿಟ್ಟುಹೋದದ್ದರಲ್ಲಿ ಶಿಷ್ಯರು ಮುಟ್ಟದೆ ಉಳಿಸಿದ್ದು ಬೇರೊಂದಿದೆ. ಕ್ಲಾಡ್ ಹಾಪ್ಕಿನ್ಸ್ ಷ್ಲಿಟ್ಸ್ ಬಿಯರಿನ ಜಾಹೀರಾತು ಬರೆಯುವ ಮೊದಲು ಕಾರ್ಖಾನೆಗೆ ಹೋದ. ಗಾಜಿನ ಕೋಣೆಗಳಲ್ಲಿ ಶೋಧಿಸಿದ ಗಾಳಿಯ ನಡುವೆ ಬಿಯರ್ ತಣಿಯುವುದನ್ನು ಕಂಡ, ಬಾಟಲಿಗಳನ್ನು ಮತ್ತೆ ಮತ್ತೆ ತೊಳೆಯುವುದನ್ನು ಕಂಡ, ಆಳದ ಬಾವಿಯ ನೀರು ಕಂಡ. ಇದನ್ನೆಲ್ಲ ಜನರಿಗೇಕೆ ಹೇಳುತ್ತಿಲ್ಲ ಎಂದು ಕೇಳಿದರೆ, ಎಲ್ಲ ಬಿಯರ್ ಕಾರ್ಖಾನೆಗಳಲ್ಲೂ ಮಾಡುವುದು ಇದನ್ನೇ ಎಂದರು. ಹೇಳಿದವರು ಮಾತ್ರ ಯಾರೂ ಇರಲಿಲ್ಲ, ಹಾಪ್ಕಿನ್ಸ್ ಹೇಳಿದ. ಷ್ಲಿಟ್ಸ್ ಐದನೆಯ ಸ್ಥಾನದಿಂದ ಮೊದಲ ಸ್ಥಾನದ ಸಮಕ್ಕೆ ಬಂತೆಂದು ಆತ್ಮಕಥೆಯಲ್ಲಿ ಅವನೇ ಬರೆದುಕೊಂಡಿದ್ದಾನೆ. ಜಾಹೀರಾತಿನವನ ಆತ್ಮಕಥೆ ಎಂಬ ರಿಯಾಯಿತಿ ಕಳೆದರೂ ಕಾರ್ಖಾನೆಗೆ ಹೋದದ್ದಂತೂ ಹೋಗಿದ್ದ.

ಡೇವಿಡ್ ಒಗಿಲ್ವಿ ರೋಲ್ಸ್ ರಾಯ್ಸ್ ಕಾರಿನ ಜಾಹೀರಾತು ಬರೆಯುವ ಮೊದಲು ಅದರ ಬಗ್ಗೆ ಮೂರು ವಾರ ಓದಿದ. 1958ರ ಆ ಪ್ರಸಿದ್ಧ ತಲೆಬರಹ, ಗಂಟೆಗೆ 60 ಮೈಲಿ ವೇಗದಲ್ಲಿ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ವಿದ್ಯುತ್ ಗಡಿಯಾರದ್ದು ಎಂಬರ್ಥದ್ದು, ಅವನ ಸ್ವಂತ ಕಲ್ಪನೆಯಲ್ಲ. ‘ದಿ ಮೋಟರ್’ ಪತ್ರಿಕೆಯ ತಾಂತ್ರಿಕ ಸಂಪಾದಕನ ವರದಿಯಲ್ಲಿ ಸಿಕ್ಕಿದ್ದು, ಹಾಗೆಂದು ಜಾಹೀರಾತಿನಲ್ಲೇ ನಮೂದಾಗಿತ್ತು. ಅದನ್ನು ಓದಿದ ಕಾರ್ಖಾನೆಯ ಮುಖ್ಯ ಎಂಜಿನಿಯರ್ ತಲೆಯಾಡಿಸಿ, ಆ ಹಾಳು ಗಡಿಯಾರಕ್ಕೆ ಏನಾದರೂ ಮಾಡಬೇಕು ಎಂದನಂತೆ. ಹೊಗಳಿಕೆಯನ್ನು ದೂರು ಎಂದು ತಿಳಿಯುವ ಇಂಥ ಮನುಷ್ಯರಿಂದಲೇ ಒಳ್ಳೆಯ ಕಾರುಗಳು ತಯಾರಾಗುತ್ತವೆ.

ಇದಕ್ಕೆ ಎದುರಾಗಿ ಏರ್ ಫ್ರೈಯರ್ ಕುರಿತ ಸರಾಸರಿ ಕನ್ನಡ ಬರಹವನ್ನು ಇಡಬಹುದು. ಎಣ್ಣೆಯಿಲ್ಲದ ಹೀರೇಕಾಯಿ ಬಜ್ಜಿ, ಗರಿಗರಿ, ಹದಿನೈದೇ ನಿಮಿಷ ಎಂದು ಬರಹ ಆಣೆ ಇಡುತ್ತದೆ. ಏರ್ ಫ್ರೈಯರ್ ಎಂಬುದು ಬಿಸಿಗಾಳಿಯನ್ನು ಜೋರಾಗಿ ಸುತ್ತಿಸುವ ಪುಟ್ಟ ಒಲೆ. ಅದರ ಬುಟ್ಟಿಗೆ ತೂತುಗಳಿರುತ್ತವೆ. ಕಾದ ಎಣ್ಣೆಗೆ ಬಿದ್ದ ಬಜ್ಜಿಯ ಹಿಟ್ಟು ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಬಿಸಿಗಾಳಿಗೆ ಆ ಚುರುಕಿಲ್ಲ. ಆದ್ದರಿಂದ ಸಡಿಲ ಕಡಲೆಹಿಟ್ಟು ಗಟ್ಟಿಯಾಗುವುದರೊಳಗೆ ತೂತುಗಳಿಂದ ಜಿನುಗಿ ತಳ ಸೇರಿ ಅಲ್ಲಿ ದೋಸೆಯಾಗುತ್ತದೆ, ಮೇಲೆ ಹೀರೇಕಾಯಿ ದಿಗಂಬರವಾಗಿ ಉಳಿಯುತ್ತದೆ. ಆಲೂಗಡ್ಡೆ ಹೋಳು, ಹಪ್ಪಳ, ಗಟ್ಟಿ ಹಿಟ್ಟಿನ ಕೋಡುಬಳೆ ಚೆನ್ನಾಗಿಯೇ ಬರುತ್ತವೆ. ಇದು ಪೆಟ್ಟಿಗೆ ಬಿಚ್ಚಿದ ಯಾರಿಗಾದರೂ ಮೊದಲ ಸಂಜೆಯೇ ತಿಳಿಯುವ ವಿಷಯ. ಬಜ್ಜಿ ಆಗದು, ಹಪ್ಪಳ ಆಗುತ್ತದೆ ಎಂದು ಬರೆದವನನ್ನು ಗೃಹಿಣಿ ಹಪ್ಪಳದ ವಿಚಾರದಲ್ಲಿ ನಂಬುತ್ತಾಳೆ. ಎಲ್ಲವೂ ಆಗುತ್ತದೆ ಎಂದವನನ್ನು ಯಾವುದರಲ್ಲೂ ನಂಬುವುದಿಲ್ಲ. ಒಪ್ಪಿಸುವ ಬರವಣಿಗೆಯಲ್ಲಿ ದೋಷವೊಂದನ್ನು ಒಪ್ಪಿಕೊಳ್ಳುವಷ್ಟು ಲಾಭದ ಉಪಾಯ ಮತ್ತೊಂದಿಲ್ಲ, ಆದರೆ ಅದಕ್ಕೆ ದೋಷ ಯಾವುದೆಂದು ಗೊತ್ತಿರಬೇಕು. ವಸ್ತುವನ್ನು ನೋಡದವರು ಈ ಕೊರತೆಯನ್ನು ‘ಬಣ್ಣದ ಆಯ್ಕೆ ಕಡಿಮೆ’ ಎಂಬ ಸಾರ್ವತ್ರಿಕ ದೋಷದಿಂದ ತುಂಬುತ್ತಾರೆ.

ಬರಹದ ಮುಂದಿನ ಅಂಗ ಸಾಕ್ಷ್ಯ ಮತ್ತು ಗ್ಯಾರಂಟಿ. ಇದರ ಇತಿಹಾಸ ನ್ಯಾಯಾಲಯದಲ್ಲಿದೆ. 1891ರಲ್ಲಿ ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ, ತನ್ನ ಹೊಗೆಯುಂಡೆಯನ್ನು ಹೇಳಿದಂತೆ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುವುದಾಗಿಯೂ, ಅದಕ್ಕೆಂದೇ ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿರುವುದಾಗಿಯೂ ಪ್ರಕಟಿಸಿತು. ಶ್ರೀಮತಿ ಕಾರ್ಲಿಲ್ ದಿನಕ್ಕೆ ಮೂರು ಸಲ ಶ್ರದ್ಧೆಯಿಂದ ಮೂಸಿದಳು, ಅಷ್ಟೇ ಶ್ರದ್ಧೆಯಿಂದ ಜ್ವರ ಬಂತು. ಜಾಹೀರಾತಿನ ಮಾತನ್ನು ಯಾರು ತಾನೇ ನಿಜವೆಂದು ತಿಳಿಯುತ್ತಾರೆ ಎಂಬುದು ಕಂಪನಿಯ ವಾದ. ಬ್ಯಾಂಕಿನಲ್ಲಿ ಹಣ ಇಟ್ಟಿದ್ದೇವೆ ಎಂದವರು ತಮಾಷೆಗೆ ಹೇಳಿರಲಾರರು ಎಂದು ಮೇಲ್ಮನವಿ ನ್ಯಾಯಾಲಯ 1892ರ ಡಿಸೆಂಬರಿನಲ್ಲಿ ತೀರ್ಪಿತ್ತು ಆಕೆಗೆ ಹಣ ಕೊಡಿಸಿತು. ಬೆಂಗಳೂರು, ಧಾರವಾಡದ ಕಾನೂನು ವಿದ್ಯಾರ್ಥಿಗಳು ಕರಾರು ಕಾಯಿದೆಯ ಪಾಠದಲ್ಲಿ ಇಂದಿಗೂ ಈ ಹೊಗೆ ಕುಡಿಯುತ್ತಾರೆ. ಆ ಉಂಡೆಯ ವ್ಯಾಪಾರ ಅಲ್ಲಿಗೆ ಮುಗಿಯಲಿಲ್ಲ. ಬಹುಮಾನ 200 ಪೌಂಡಿಗೆ ಏರಿತು, ಜೊತೆಗೆ ಷರತ್ತುಗಳ ಸಣ್ಣಕ್ಷರವೂ ಬಂತು.

ಅವಸರ ಹುಟ್ಟಿಸುವುದು ಮುಂದಿನ ಘಟ್ಟ. ‘ಇನ್ನು ಎರಡೇ ಉಳಿದಿವೆ’ ಎಂಬ ಸಾಲು, ಪುಟ ತೆರೆದಾಗಲೆಲ್ಲ ಹತ್ತು ನಿಮಿಷದಿಂದ ಹೊಸದಾಗಿ ಇಳಿಯತೊಡಗುವ ಗಡಿಯಾರ, ಯುಗಾದಿಗೆ ಮುಗಿದು ದೀಪಾವಳಿಯಲ್ಲೂ ಮುಗಿಯುತ್ತಿರುವ ಕೊನೆಯ ಅವಕಾಶ ಇವು ಇದರ ಲಕ್ಷಣಗಳು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಕಪಟಗಳನ್ನು ಪಟ್ಟಿ ಮಾಡಿದೆ. ಹುಸಿ ಅವಸರ ಅದರಲ್ಲಿ ಒಂದು. ‘ಬೇಡ, ನನಗೆ ಆರೋಗ್ಯದ ಕಾಳಜಿಯಿಲ್ಲ’ ಎಂದು ಬರೆದ ಬಟನ್ ಒತ್ತಿಯೇ ಹೊರಬರಬೇಕಾದ ಏರ್ಪಾಡು ಇನ್ನೊಂದು. ಬೇಡವೆನ್ನುವವನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುವ ಈ ಪದ್ಧತಿ ಹಿಂದೆ ಅತ್ತೆಮನೆಯ ಎರಡನೆಯ ಬಾರಿಯ ಬಡಿಸುವಿಕೆಯಲ್ಲಷ್ಟೇ ಬಳಕೆಯಲ್ಲಿತ್ತು.

ಕೊನೆಯ ಅಂಗ, ಬರಹಗಾರನಿಗೆ ಇದರಲ್ಲಿ ದುಡ್ಡು ಬರುತ್ತದೆಂಬ ಪ್ರಕಟಣೆ. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿ ಜಾಲತಾಣಗಳ ಪ್ರಭಾವಿಗಳಿಗಾಗಿ (ಇನ್‌ಫ್ಲುಯೆನ್ಸರ್) 2021ರಲ್ಲೂ, ಗ್ರಾಹಕ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲೂ ನಿಯಮಗಳನ್ನು ತಂದವು. ದಾರಿತಪ್ಪಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರಾ ಅದೇ ಭಾಷೆಯಲ್ಲಿ, ಅದೇ ಅಕ್ಷರವಿನ್ಯಾಸದಲ್ಲಿ ಇರಬೇಕೆಂದು 2022ರ ನಿಯಮ ಹೇಳುತ್ತದೆ. ಕನ್ನಡದ ಪರಿಪಾಠ ಸ್ವಲ್ಪ ಬೇರೆ: ‘ನಿಮ್ಮ ಮನೆಮಗನಾಗಿ ಹೇಳ್ತಿದ್ದೀನಿ’ ಎಂಬುದು ಅಚ್ಚಗನ್ನಡದಲ್ಲೂ, ಕಮಿಷನ್ನಿನ ಸಂಗತಿ ಬೂದು ಬಣ್ಣದ ಇಂಗ್ಲಿಷಿನಲ್ಲೂ ಇರುತ್ತದೆ.

ಲಿಂಕು ಒತ್ತಿ ಗಿರಾಕಿ ಹಣ ಕೊಟ್ಟ ಮೇಲೂ ಕಮಿಷನ್ ತಕ್ಷಣ ಕೈಸೇರದು. ವಸ್ತು ತಲುಪಬೇಕು, ಮರಳಿಸುವ ಅವಧಿ ಕಳೆಯಬೇಕು, ತಿಂಗಳ ಲೆಕ್ಕ ಮುಗಿದು ಮತ್ತೂ ಕೆಲವು ವಾರ ಕಾಯಬೇಕು. ಬಜ್ಜಿಯ ಹಿಟ್ಟು ತಳ ಸೇರಿದ ಸಂಜೆಯೇ ಗಿರಾಕಿ ಪೆಟ್ಟಿಗೆಯನ್ನು ಮತ್ತೆ ಟೇಪು ಸುತ್ತಿ ಕಳಿಸಿದರೆ, ಬರೆದವನ ಖಾತೆಯಲ್ಲಿ ಆಗಲೇ ತೋರಿಸುತ್ತಿದ್ದ ಮೊತ್ತದ ಹಿಂದೆ ಕಳೆಯುವ ಚಿಹ್ನೆ ಬಂದು ಕೂರುತ್ತದೆ.