ಆಲ್ ಸೀಸನ್ ಜಾಕೆಟ್

"ಇದು ಆಲ್ ಸೀಸನ್ ಜಾಕೆಟ್ ಸಾರ್, ಬಿಸಿಲು ಮಳೆ ಚಳಿ ಮೂರಕ್ಕೂ ಆಗುತ್ತೆ" ಎಂದು ಅಂಗಡಿಯ ಹುಡುಗ ಭರವಸೆ ಕೊಡುವಾಗ ಅವನ ನೆತ್ತಿಯ ಮೇಲೆ ಏಸಿ ಓಡುತ್ತಿರುತ್ತದೆ. ಏಸಿಯಡಿ ಕಂಬಳಿ ಹೊದ್ದರೂ ಹಿತವೇ. ಬೈಕ್ ಜಾಕೆಟ್ಟಿನ ಪರೀಕ್ಷೆ ನಡೆಯಬೇಕಾದದ್ದು ಮೇ ತಿಂಗಳ ಮಧ್ಯಾಹ್ನ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ. ಅಲ್ಲಾದರೆ ಪರೀಕ್ಷೆಗೆ ಬೇಕಾದಷ್ಟು ಸಮಯವೂ ಸಿಗುತ್ತದೆ.

ನಮ್ಮ ನಾಡಿನ ಹವೆಯಾದರೂ ಒಂದು ಜಾಕೆಟ್ಟಿಗೆ ಬಗ್ಗುವಂಥದ್ದೇ? ಅಕ್ಟೋಬರಿನಲ್ಲಿ ಬೆಳಗಿನ ಜಾವ ಬೆಂಗಳೂರು ಬಿಟ್ಟು ಮಂಗಳೂರಿಗೆ ಹೊರಡಿ. ನೆಲಮಂಗಲದಲ್ಲಿ ಚಳಿಗಾಳಿ ಕತ್ತಿನೊಳಗೆ ಇಳಿಯುತ್ತದೆ, ಹಾಸನದಲ್ಲಿ ಬಿಸಿಲು, ಶಿರಾಡಿ ಘಾಟಿಯಲ್ಲಿ ಮಳೆ. ಉಪ್ಪಿನಂಗಡಿಗೆ ಬಂದರೆ ಮಳೆ ನಿಂತರೂ ಮೈ ಒದ್ದೆ, ಈ ಸಲ ಬೆವರಿನಿಂದ.

ಇದಕ್ಕೆಂದೇ ಪದರ ಪದರದ ಜಾಕೆಟ್ಟುಗಳಿವೆ. ಹೊರಗೆ ಗಾಳಿಯಾಡುವ ಮೆಶ್, ಒಳಗೆ ಮಳೆಯ ಲೈನರ್, ಅದರೊಳಗೆ ಚಳಿಯ ಲೈನರ್. ತೊಂದರೆ ಏನೆಂದರೆ, ಮಳೆ ಶುರುವಾದಾಗ ಲೈನರ್ ಬ್ಯಾಗಿನಲ್ಲಿರುತ್ತದೆ. ಘಾಟಿಯ ತಿರುವಿನಲ್ಲಿ ಜಾಕೆಟ್ ಬಿಚ್ಚಿ, ಲಾರಿಯವರ ಎದುರು ಬನಿಯನ್ನಿನಲ್ಲಿ ನಿಂತು, ಜಿಪ್ಪಿಗೆ ಜಿಪ್ ಕೂಡಿಸಬೇಕು. ಅಷ್ಟರಲ್ಲಿ ಕಾಪಾಡಲು ಒಣ ಮೈಯೇ ಉಳಿದಿರುವುದಿಲ್ಲ. ಮೊದಲೇ ಹಾಕಿಕೊಂಡಿದ್ದಿರಿ ಎನ್ನೋಣ. ನೀರು ತಡೆಯುವ ಪದರ ಒಳಗಿರುವುದರಿಂದ ಹೊರಗಿನ ಬಟ್ಟೆ ಮಳೆಯನ್ನು ಹೀರುತ್ತಲೇ ಇರುತ್ತದೆ. ನೀವು ಒದ್ದೆಯಾಗಿಲ್ಲ, ನಿಜ. ಭಾರ ಮಾತ್ರ ಹೊರುತ್ತಿದ್ದೀರಿ. ಆ ನೀರು ಗಾಳಿಗೆ ಆರುತ್ತ ಮೈಯ ಬಿಸಿಯನ್ನೂ ಕದಿಯುತ್ತದೆ. ಹೊರಜೇಬಿನ ನೋಟುಗಳ ಕಥೆ ಬೇಡ.

ಬರೀ ಮೆಶ್ ಸಾಕೆಂದು ಏಪ್ರಿಲ್ ಕೊನೆಗೆ ಕಲಬುರಗಿ ಕಡೆ ಹೊರಟಿರೋ, ಅಲ್ಲಿ 40 ಡಿಗ್ರಿ ದಾಟಿದ ಗಾಳಿ ಚರ್ಮಕ್ಕಿಂತ ಬಿಸಿ. ಅದು ಎಷ್ಟು ನುಗ್ಗಿದರೂ ತರುವುದು ಬಿಸಿಯನ್ನೇ. ಬೆವರು ಬಂದದ್ದೇ ತಿಳಿಯದಂತೆ ಆರಿಹೋಗಿ ಗಂಟಲು ಒಣಗುತ್ತದೆ. ಒಳಗಿನ ಬನಿಯನ್ ನೆನೆಸಿಕೊಂಡು ಹೊರಡುವುದೇ ಅಲ್ಲಿಗೆ ಉಪಾಯ.

ಈ ಗಲಾಟೆಯಲ್ಲಿ ಜಾಕೆಟ್ ಯಾಕೆ ಬೇಕಿತ್ತೆಂಬುದೇ ಮರೆತುಹೋಗುತ್ತದೆ. ಬಿದ್ದರೆ ಭುಜ, ಮೊಣಕೈ ಉಳಿಯಲಿ ಎಂದಲ್ಲವೇ? ಅಲ್ಲಿನ ಪ್ಯಾಡುಗಳ ಮೇಲೆ ಇಎನ್ 1621 ಎಂಬ ಯುರೋಪಿನ ಗುರುತು, ಲೆವೆಲ್ 1 ಅಥವಾ 2 ಎಂದು ಇರಬೇಕು. ಬೆನ್ನಿನ ಜಾಗಕ್ಕೂ ಕೈ ಹಾಕಿ ನೋಡಿ. ಎಷ್ಟೋ ಜಾಕೆಟ್ಟುಗಳಲ್ಲಿ ಅಲ್ಲಿರುವುದು ಬರೀ ಸ್ಪಂಜು. ಮತ್ತೆ, ಅಮ್ಮನನ್ನು ಅಂಗಡಿಗೆ ಕರೆದೊಯ್ಯಬೇಡಿ. "ಒಂದು ಸೈಜ್ ದೊಡ್ಡದೇ ತಗೊಳ್ಳೋ, ಒಳಗೆ ಸ್ವೆಟರ್ ಹಾಕ್ಕೋಬಹುದು" ಅನ್ನುತ್ತಾರೆ. ಶಾಲೆಯ ಯೂನಿಫಾರಂ ಕಾಲದಿಂದಲೂ ಅವರದು ಅದೇ ನ್ಯಾಯ. ಸಡಿಲ ತೋಳಿನಲ್ಲಿ ಪ್ಯಾಡ್ ಸುತ್ತಾಡುತ್ತದೆ. ಮೊಣಕೈ ರಸ್ತೆಗೆ ತಾಗುವ ಹೊತ್ತಿಗೆ ಅದು ಬೇರೆಲ್ಲೋ ಇರುತ್ತದೆ.

ನನ್ನ ತೀರ್ಪು ಇಷ್ಟೇ: ಮೈಗೆ ಸರಿಯಾಗಿ ಕೂರುವ ಮೆಶ್ ಜಾಕೆಟ್ ಒಂದು, ಅದರ ಮೇಲೆ ತೊಡಲು ರೇನ್‌ಕೋಟ್ ಒಂದು. ಬೆಳಗಿನ ಚಳಿಗಾಳಿಗೂ ಅದೇ ರೇನ್‌ಕೋಟ್ ಅಡ್ಡ. ಕಣ್ಣು ಕುಕ್ಕುವ ಹಳದಿಯದಾದರೆ ಮಂಜಿನಲ್ಲೂ ಲಾರಿಯವರಿಗೆ ಕಾಣುತ್ತೀರಿ. ಅದನ್ನು ಕೊಳ್ಳುವಾಗ ಮಾತ್ರ ಅಮ್ಮನನ್ನು ಧಾರಾಳವಾಗಿ ಕರೆದೊಯ್ಯಿರಿ. ಅದು ಒಂದು ಸೈಜ್ ದೊಡ್ಡದೇ ಬೇಕು.